ಷರಾ

ಬಾಗೇಪಲ್ಲಿ ದಾಟಿ ಚೇಳೂರು ರಸ್ತೆಯಲ್ಲಿ
ವೀಕ್ಷಣಾ ಬಾವಿ ಹದಿನೇಳು.
ತಿಂಗಳಿಗೊಮ್ಮೆ ಬಂದು ಟೇಪು ಇಳಿಸುತ್ತೇನೆ.
ತುದಿಯ ಹಿತ್ತಾಳೆ ಗುಂಡಿಗೆ ನೀರು ತಾಗಿದರೆ
ರಾಟೆಯೊಳಗೆ ಏನೋ ಕಿರ್ರೆನ್ನಬೇಕು.
ಅಷ್ಟೇ ನನ್ನ ನೌಕರಿ, ಕಿವಿಗೊಡುವುದು.

ರಿಜಿಸ್ಟರು ನನಗಿಂತ ಹಿರಿಯದು.
ಮೊದಲ ಪುಟಗಳಲ್ಲಿ ಖಾದರ್ ಷರೀಫರ ನೇರಳೆ ಮಸಿ.
ಎಪ್ಪತ್ತೆಂಟರ ನವೆಂಬರ್, ಮೂರು ಮೀಟರ್ ನಲವತ್ತು.
ಕೊನೆಯ ಅಂಕಣ, ಷರಾ:
"ಕಪ್ಪೆಗಳಿವೆ."
ಎಂಬತ್ತೊಂದು, ಆರು ಮೀಟರ್ ಹತ್ತು.
"ಹುಡುಗರು ಈಜುತ್ತಿದ್ದರು. ಟೇಪು ಎಳೆದರು. ಎರಡು ಸಲ ಅಳೆದೆ."
ಎಂಬತ್ತಾರು, ಹನ್ನೊಂದು.
"ಕಪ್ಪೆ ಕೇಳಿಸಿತು. ಕಾಣಲಿಲ್ಲ."
ಆಮೇಲೆ ಬೇರೆ ಬೇರೆ ಕೈಬರಹ,
ಷರಾದಲ್ಲಿ ಒಂದು ಅಡ್ಡಗೆರೆ.
ಆಮೇಲೆ "ಒಣ".
ಅದರ ಕೆಳಗೆ ಹದಿನಾಲ್ಕು ವರ್ಷ
ಮೇಲಿನಂತೆ, ಮೇಲಿನಂತೆ ಎನ್ನುವ ಎರಡೆರಡು ಚುಕ್ಕಿ.

ಬಾವಿಯಿಂದ ಅರವತ್ತು ಹೆಜ್ಜೆ ಆಚೆ ಪಿಳ್ಳಕ್ಕನ ಬೋರು,
ಸಾವಿರದ ನೂರ ನಲವತ್ತು ಅಡಿ.
ಕೆಮ್ಮಣ್ಣು, ಸುದ್ದೆ, ಕೊಳೆತ ಕಲ್ಲು, ಆಮೇಲೆ ಬರೀ ಕಲ್ಲು,
ಇನ್ನೂರೈವತ್ತು ಕೋಟಿ ವರ್ಷದ್ದು,
ಅದರಲ್ಲೊಂದು ಕೂದಲೆಳೆ ಬಿರುಕು.
ತರಬೇತಿಯಲ್ಲಿ ತೋರಿಸಿದ್ದರು, ಯಾವುದೋ ಮರುಭೂಮಿಯ ಅಡಿಯಲ್ಲಿ
ದೇಶದಗಲ ಹಾಸಿದ ನೀರು,
ಕೊಳವೆ ಇಳಿಸಿದರೆ ಸಾಕು, ತಾನೇ ಮೇಲೆ ಚಿಮ್ಮುವುದು.
ಪಿಳ್ಳಕ್ಕನಿಗೆ ಹೇಳಿದೆ.
"ಕರೆಂಟಿಲ್ಲದೆಯಾ?" ಎಂದಳು. ನಂಬಲಿಲ್ಲ.

ಸೀಸೆ ತುಂಬುವಾಗ ಒಂದು ಗುಳ್ಳೆಯೂ ಉಳಿಯಕೂಡದು.
ಈ ಹೊತ್ತಿನ ಗಾಳಿ ಸೋಕಿದರೆ
ಆ ಹೊತ್ತಿನ ಲೆಕ್ಕ ಕೆಡುತ್ತದೆ.

ನಾಲ್ಕು ತಿಂಗಳಿಗೆ ಲ್ಯಾಬಿನ ಹಾಳೆ ಬಂತು:
ಏಳು ಸಾವಿರ ವರ್ಷ, ಹೆಚ್ಚುಕಡಿಮೆ ಆರುನೂರು.
"ಹೆಚ್ಚುಕಡಿಮೆ ಆರುನೂರಾ!" ಪಿಳ್ಳಕ್ಕ ನಕ್ಕಳು,
ಹಲ್ಲಿನ ಮೇಲೆ ಫ್ಲೋರೈಡಿನ ಕಂದು ಪಟ್ಟೆ.
"ನನ್ನ ವಯಸ್ಸು ಕೇಳಿದ್ರೂ ನಾನು ಹಿಂಗೇ ಹೇಳೋದು."
ಆಮೇಲೆ ಕೇಳಿದಳು,
"ಅದು ಯಾವ ಮಳೆ? ಉತ್ತರೆಯಾ, ಹಸ್ತವಾ?"

ತಕ್ಷಣ ಏನೂ ಹೊಳೆಯಲಿಲ್ಲ.
ಆ ಹನಿ ಬಿದ್ದಾಗ
ಮಳೆಗೆ ಹೆಸರಿಡುವ ನಾಲಿಗೆ ಇಲ್ಲಿರಲಿಲ್ಲ;
ರಾಗಿ ಇರಲಿಲ್ಲ, ಕೆರೆ ಇರಲಿಲ್ಲ,
ನೀಳ್ಳು ಎನ್ನುವ ಅವಳ ಅಡುಗೆಮನೆಯೂ
ನೀರು ಎನ್ನುವ ನನ್ನ ಕಚೇರಿಯೂ.
"ಒಂದೇ ಮಳೆಯಲ್ಲಕ್ಕ, ಇದು ಸರಾಸರಿ.
ಹೋದ ವರ್ಷದ್ದು ನಾಲ್ಕು ಹನಿ ಇರಬಹುದು,
ಹದಿನೈದು ಸಾವಿರದ್ದೂ ಇರಬಹುದು. ಬೆರೆತಿದೆ."
"ನಿನ್ನೆ ಸಾರಿಗೆ ಇವತ್ತಿಂದು ಸುರಿದಂಗೆ," ಎಂದಳು,
ಮೋಟಾರಿನ ಗುಂಡಿ ಒತ್ತಿದಳು.
ಹಿಪ್ಪುನೇರಳೆ ಸಾಲಿಗೆ ಏಳು ಸಾವಿರ ವರ್ಷ
ಕೆಮ್ಮುತ್ತಾ, ಬಿಟ್ಟು ಬಿಟ್ಟು ಹರಿಯಿತು.
ಲೋಟದಲ್ಲಿ ನನಗೂ ಕೊಟ್ಟಳು.
ಫ್ಲೋರೈಡು ಎರಡು ಪಾಯಿಂಟ್ ಎಂಟು.
ಬರೆದವಳೇ ನಾನು. ಅರ್ಧ ಕುಡಿದೆ.

ಈ ಅಕ್ಟೋಬರ್, ಚಿತ್ತೆ ಮೂರು ದಿನ ಸುರಿದ ಮೇಲೆ
ಹಳೇ ಬಾವಿಗೆ ಟೇಪು ಬಿಟ್ಟೆ.
ಒಂಬತ್ತು ಮೀಟರಿಗೇ ಕಿರ್ರೆಂದಿತು.
ಎದೆ ಧಸಕ್ಕೆಂದಿತು.
ಮೇಲೆಳೆದು, ಒರೆಸಿ, ಮತ್ತೆ ಬಿಟ್ಟೆ.
ಅಲ್ಲೇ ಒಮ್ಮೆ ಕಿರ್ರೆಂದು ಸುಮ್ಮನಾಯಿತು, ತಳದವರೆಗೂ.
ಒದ್ದೆ ಗೋಡೆ ಸವರಿತ್ತು, ಬೇರೇನಿಲ್ಲ.
ತಳದಲ್ಲಿ ಒಂದು ಬಾಟಲಿ, ಯಾರದೋ ಎಡಗಾಲಿನ ಚಪ್ಪಲಿ.

ಸುಳ್ಳು ಕೂಗನ್ನು ಮಟ್ಟವೆಂದು ಬರೆಯುವಂತಿಲ್ಲ.
ಮಟ್ಟ: ಒಣ.
ಷರಾದಲ್ಲಿ ಅಡ್ಡಗೆರೆ ಎಳೆಯಹೋದ ಪೆನ್ನು
ಸ್ವಲ್ಪ ಹೊತ್ತು ಅಲ್ಲೇ ನಿಂತಿತು.
ಬರೆದೆ:
"ಗೋಡೆ ಒದ್ದೆ ಇದೆ, ಒಂಬತ್ತು ಮೀಟರಿನಲ್ಲಿ.
ಎರಡು ಸಲ ಅಳೆದೆ."