ತಣ್ಣಗಿದ್ದಾಗಿನ ಅಂಕಿ

ಅಳೆಯಬೇಕಾದ್ದು ತಣ್ಣಗಿದ್ದಾಗ.
ನಾಲ್ಕು ಮೈಲಿ ಓಡಿದರೆ ಸಾಕು, ಟೈರು ಸಿಟ್ಟಿನಲ್ಲಿರುವವರ ಹಾಗೆ
ಇದ್ದುದಕ್ಕಿಂತ ಎರಡು ಹೆಚ್ಚಿಗೇ ಹೇಳುತ್ತದೆ.
ಅದಕ್ಕೇ ರೇಯಡರ್ ಊರು ಇನ್ನೂ ಪರದೆ ಸರಿಸದ ಹೊತ್ತಿಗೆ
ಮನೆ ಮುಂದೆ ಮಂಡಿಯೂರಿದ್ದೇನೆ.
ಚಾಪೆಲಿನ ಬೀಗ ತೆಗೆಯಲು ಹೊರಟ ನೆರಿಸ್ ನಿಂತು ನಗುತ್ತಾಳೆ:
'ಪ್ರಾರ್ಥನೆ ಇಲ್ಲೇ ಮುಗಿಸ್ತೀಯಾ?'

ಬಾಗಿಲ ಸಂದಿನ ಚೀಟಿ ಹೇಳುವುದು
ಮುಂದೆ ಮೂವತ್ತಮೂರು, ಹಿಂದೆ ಮೂವತ್ತು.
ಅದು ಕಾರ್ಖಾನೆಯ ಮಾತು. ವೇಲ್ಸಿನ ಈ ಕಣಿವೆ ಅದಕ್ಕೆ ಗೊತ್ತಿಲ್ಲ,
ಕುರಿಗಳು ಡಾಂಬರಿನ ಮೇಲೆ ಮೈ ಕಾಸಿಕೊಳ್ಳುವ ತಿರುವು ಗೊತ್ತಿಲ್ಲ.
ಹಿಂದಿನವಕ್ಕೆ ಇನ್ನೆರಡು ಕೊಟ್ಟರೆ
ಪುಟ್ಟ ಮೈಗೆ ದೊಡ್ಡ ಎಂಜಿನ್ ನುಂಗಿದ ನನ್ನ ಕೆಂಪು ಹ್ಯಾಚ್‌ಬ್ಯಾಕು
ಹೇಗೆ ಬಾಲ ಬೀಸುತ್ತದೆ,
ಕಂಬ ಕಂಡ ನಾಯಿಯಂತೆ ಒಳಗಿನ ಹಿಂಗಾಲೆತ್ತಿ
ಮೂರೇ ಚಕ್ರದಲ್ಲಿ ಹೇಗೆ ತಿರುಗುತ್ತದೆ, ಗೊತ್ತಿಲ್ಲ.

ಇಪ್ಪತ್ತೆರಡು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ
ಊರ ಮಕ್ಕಳ ಬ್ಯೂರೆಟ್ ತೊಳೆದವಳು ನಾನು.
ಬಿಟ್ಟು ಬರುವಾಗ ತಂದದ್ದು ಒಂದು ಡಬ್ಬಿ ಸೀಮೆಸುಣ್ಣ.
ಟೈರಿನ ಭುಜಕ್ಕೊಂದು ಗೆರೆ ಎಳೆ,
ಗುಡ್ಡ ಹತ್ತಿ ಇಳಿ, ಎಲ್ಲಿವರೆಗೆ ಅಳಿಸಿದೆ ನೋಡು.
ಪಕ್ಕೆಯವರೆಗೂ ಹೋಗಿದ್ದರೆ ಗಾಳಿ ಕಡಿಮೆ, ಕಾಲು ಮಡಚಿ ಬೀಳುತ್ತಿದೆ;
ಗೆರೆ ಗೆರೆಯಾಗೇ ಉಳಿದಿದ್ದರೆ ಜಾಸ್ತಿ, ಬರೀ ಬಿಗುಮಾನ.
ನಡುವೆ ಎಲ್ಲೋ ಹದ.
ಹದವನ್ನು ಬರೆದಿಡಲಾಗದು ಅನ್ನುತ್ತಾರೆ.
ನಾನು ಬರೆದಿದ್ದೇನೆ, ನೀಲಿ ಪುಸ್ತಕದಲ್ಲಿ:
ತಾರೀಕು, ಚಳಿ ಎಷ್ಟು, ರಸ್ತೆ ಒದ್ದೆಯೋ ಒಣಗಿದೆಯೋ.

ನೆಲಕ್ಕೆ ತಾಗುವುದು ಎಷ್ಟು ಗೊತ್ತೇ?
ಒಂದೊಂದು ಟೈರಿನದೂ ಅಂಗೈಯಗಲ.
ಸಾವಿರದ ನೂರು ಕಿಲೋ ಕಬ್ಬಿಣ, ಗಾಜು, ಪೆಟ್ರೋಲು,
ಮೂವತ್ತೇಳು ವರ್ಷದ ಒಂದು ಮದುವೆ,
ಎಲ್ಲ ನಾಲ್ಕು ಅಂಗೈ ಮೇಲೆ.
ಕೈಹಿಡಿಯುವುದೂ ಅವೇ, ಕೈಕೊಡುವುದೂ ಅವೇ.

ನನ್ನ ಕೈಹಿಡಿದವನು ಇದ್ವಾಲ್.
ಮಾರ್ಚಿನಲ್ಲಿ ಅವನ ಬೆನ್ನು ಕೊಯ್ದು ತಿರುಪು ಹಾಕಿದರು.
ಇಂದು ಮೊದಲ ಸಲ ಪಕ್ಕದ ಸೀಟಿಗೆ, ದಿಂಬಿನ ಸಮೇತ.
ಅಣೆಕಟ್ಟಿನ ದಾರಿಯಲ್ಲಿ ದನ ದಾಟದಂತೆ ಹಾಸಿದ
ಕಬ್ಬಿಣದ ಸರಳು ಐದು ಕಡೆ.
ರಾತ್ರಿಯೆಲ್ಲ ಎಣಿಸಿದ್ದೆ, ಅವನ ಬೆನ್ನೆಲುಬಿನ ಮೇಲೆ.
ಹಾಗಾಗಿ ಬೆಳಿಗ್ಗೆ ವಾಲ್ವಿನ ಮೂಗು ಒತ್ತಿದೆ. ಸುಸ್ಸ್.
ಮುಂದೆ ಇಪ್ಪತ್ತೊಂಬತ್ತು, ಹಿಂದೆ ಇಪ್ಪತ್ತಾರು.
ಪುಸ್ತಕದಲ್ಲಿ ಬರೆಯಲಿಲ್ಲ.

ಎರಡನೇ ತಿರುವು ದಾಟಿರಲಿಲ್ಲ.
'ಎಷ್ಟು ಇಳಿಸಿದೆ?'
'ಏನನ್ನ?'
'ಮೈನಿರ್. ಕಾರು ಗಂಜಿಯಲ್ಲಿ ಈಜ್ತಿದೆ.'
'ನಾಲ್ಕು.'
ಆಮೇಲೆ ಮೂರು ಮೈಲಿ, ಎರಡು ಸರಳು, ಒಂದು ಸೇತುವೆ,
ಮಾತಿಲ್ಲ.
ಬೆನ್ನು ನೋಯಲಿಲ್ಲವೆಂಬುದೇ
ಅವನನ್ನು ನೋಯಿಸಿದಂತಿತ್ತು.

ಅಣೆಕಟ್ಟಿನ ಬಳಿ ನಿಲ್ಲಿಸಿದಾಗ 'ಕಾಲ್ಪಂಪು ತೆಗೆ' ಅಂದ.
ನಾನು ತುಳಿದೆ. ಬಗ್ಗಲಾರದವನು
ಊರುಗೋಲಿಗೊರಗಿ, ಕನ್ನಡಕ ಮೂಗಿನ ತುದಿಗಿಳಿಸಿ,
ಮೇಲಿಂದಲೇ ಮುಳ್ಳು ಓದಿದ.
'ಇನ್ನೊಂದು. ಇನ್ನರ್ಧ. ನನಗೆ ಸಾಕು. ನಿನಗೆ?'
ಮೂವತ್ತಮೂರೂವರೆ.
ಬಿಸಿ ಟೈರಿನ ಮಾತು, ಲೆಕ್ಕಕ್ಕಿಲ್ಲವೆಂದು ಇಬ್ಬರಿಗೂ ಗೊತ್ತು.
ನಿಜ ಎಷ್ಟೆಂದು ನಾಳೆ ತಣ್ಣಗಾದ ಮೇಲೆ ನೋಡಬೇಕು.

ಬರುವಾಗ ಕುರಿಯೊಂದು ಬೇಸರದಿಂದ ಎದ್ದು ದಾರಿ ಬಿಟ್ಟಿತು.
ಕೊನೆಯ ಸರಳಿನ ಮೇಲೆ ಅವನು 'ಆ' ಅಂದ,
ನೋವೋ ಖುಷಿಯೋ. ನಾನು ವೇಗ ತಗ್ಗಿಸಲಿಲ್ಲ.
ಸ್ವಲ್ಪ ತಗ್ಗಿಸಿದೆ.
ನೀಲಿ ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲ.