ನಾಲ್ಕನೇ ಹಳ್ಳ

ಮೊದಲ ಸೆಮಿಸ್ಟರಿನವರಿಗೆ ಪ್ರತಿವರ್ಷ ಇದನ್ನೇ ಹೇಳುತ್ತೇನೆ:
ಕಂಡದ್ದನ್ನು ಬರೆಯಿರಿ.
ಲೆನ್ಸಿನಡಿ ಇಲ್ಲದ ನಾಳವನ್ನು
ಸೀನಿಯರ್ ರೆಕಾರ್ಡಿನಿಂದ ಇಳಿಸಬೇಡಿ.
ಇವತ್ತು ಬೆಳಿಗ್ಗೆ ಒಬ್ಬ, ತರೀಕೆರೆ ಕಡೆಯವ,
ಎರೆಹುಳಕ್ಕೆ ಎಂಟು ಜೊತೆ ಹೃದಯ ಬರೆದಿದ್ದ.
ನಿನ್ನ ಹುಳಕ್ಕೆ ಪ್ರೀತಿ ಜಾಸ್ತಿ ಕಣೋ ಅಂದೆ, ಎಲ್ಲ ನಕ್ಕರು.
ಕೆಂಪು ಶಾಯಿಯಲ್ಲಿ ಗೀಟು ಹೊಡೆದೆ.

ಮಧ್ಯಾಹ್ನ ರಿಹಾನಾ ಬಂದಳು.
ಪಿಎಚ್.ಡಿ. ಮೂರನೇ ವರ್ಷ,
ಐದು ತಿಂಗಳಿಂದ ಬಾರದ ಫೆಲೋಶಿಪ್ಪು,
ಷೂ ತುದಿಯಲ್ಲಿ ಇನ್ನೂ ಹುಲಿಕಲ್ಲಿನ ಕೆಸರು,
ಇಂಬಳ ಕಚ್ಚಿದಲ್ಲಿ ಸುಣ್ಣ.
ನೋಟ್‌ಬುಕ್ಕು ಬಿಡಿಸಿಟ್ಟಳು:
ಒಂದನೇ ಹಳ್ಳ, ಹನ್ನೊಂದು.
ಎರಡನೇದು, ಏಳು.
ಮೂರನೇದು ಒಂಬತ್ತು, ಅದರಲ್ಲೊಂದು ಮೊಟ್ಟೆ ಕಾಯುತ್ತಿದ್ದ ಗಂಡು.
ನಾಲ್ಕನೇ ಹಳ್ಳ, ಸೊನ್ನೆ.
ಜೂನ್ ಸೊನ್ನೆ. ಜುಲೈ ಸೊನ್ನೆ.
ಹೋದ ವರ್ಷದ ನಾಲ್ಕೂ ತಿಂಗಳು ಸೊನ್ನೆ.
ಸೊನ್ನೆಯನ್ನೂ ಎಷ್ಟು ದುಂಡಗೆ ಬರೆದಿದ್ದಾಳೆ,
ಎಲೆಯಡಿ ಅಂಟಿದ ಕಪ್ಪೆಮೊಟ್ಟೆಯ ಹಾಗೆ.

'ಸರ್, ನಿಮ್ಮ ಪೇಪರಿನಲ್ಲಿ ಅಲ್ಲಿಗೆ ಮೂರು ಅಂತಿದೆ.
ಕೋಷ್ಟಕ ಎರಡು, ಕೊನೆಯ ಸಾಲು.
ಯಾವ ಬಂಡೆ ಸರ್? ನೀರಿಗೆ ಎಡಕ್ಕೋ ಬಲಕ್ಕೋ?
ಈಗ ರಸ್ತೆ ಅಗಲ ಮಾಡಿದಾರೆ, ಮೇಲೆ ರೆಸಾರ್ಟು ಬಂದಿದೆ.
ನಶಿಸಿದೆ ಅಂತ ಬರೆಯಲಾ?'

ತೊಂಬತ್ತನಾಲ್ಕು, ಆಗಸ್ಟು, ರಾತ್ರಿ ಹತ್ತೂವರೆ.
ನಾನು ಮತ್ತು ಗುತ್ಯಪ್ಪ. ಆಗ ಅವನು ದಿನಗೂಲಿ ಅಟೆಂಡರು,
ಕಪ್ಪೆ ಕೂಗಿದ ದಿಕ್ಕನ್ನು ಬೀಡಿಯ ತುದಿಯಿಂದ ತೋರಿಸುತ್ತಿದ್ದವ.
ಮೂರನೇ ಹಳ್ಳ ದಾಟುವಾಗ ಟಾರ್ಚಿನ ಸೆಲ್ಲು ಹೋಯಿತು.
ಮುಂದಿನದು ಇಳಿಜಾರು, ಎರಡು ಮೈಲಿ.
ಸೋಮವಾರ ಗೈಡಿಗೆ ಅಂಕಿ ಕೊಡಬೇಕು.
ಹೋಗಲಿಲ್ಲ.
ಮೋರಿ ಕಟ್ಟೆಯ ಮೇಲೆ ಕೂತು, ಪ್ಲಾಸ್ಟಿಕ್ಕು ಹೊದ್ದು,
ಕತ್ತಲಲ್ಲೇ ತಡಕಿ ಪೆನ್ಸಿಲಿನಲ್ಲಿ ಬರೆದೆ: ಮೂರು.
ಇಪ್ಪತ್ತು ಅಂದರೆ ಯಾರಾದರೂ ಕೇಳುತ್ತಾರೆ,
ಸೊನ್ನೆ ಅಂದರೂ ಕೇಳುತ್ತಾರೆ.
ಮೂರನ್ನು ಯಾರೂ ಏನೂ ಕೇಳುವುದಿಲ್ಲ.
ಗುತ್ಯಪ್ಪನ ಬೀಡಿ ಆರಿತ್ತು. ಮತ್ತೆ ಹಚ್ಚಲಿಲ್ಲ.

ಆ ಮೂರು ಪ್ರಬಂಧಕ್ಕೆ ಹೋದವು,
ಅಲ್ಲಿಂದ ಪೇಪರಿಗೆ,
ಯಾರದೋ ನಕ್ಷೆಯಲ್ಲಿ ಹಸಿರು ಚುಕ್ಕೆಯಾದವು.
ನನಗೆ ನೌಕರಿ ಕೊಡಿಸಿದ ನಾನೂರು ಕಪ್ಪೆಗಳಲ್ಲಿ
ಒಮ್ಮೆಯೂ ವಟಗುಟ್ಟದ ಮೂರು
ಒಂದೇ ಒಂದು ಸೊಳ್ಳೆ ತಿನ್ನದೆ ಇಷ್ಟು ವರ್ಷ ಬದುಕಿದವು.
ಈಗ ಈ ಹುಡುಗಿ
ಅವು ಸತ್ತದ್ದಕ್ಕೆ ಕಾರಣ ಹುಡುಕುತ್ತಿದ್ದಾಳೆ.

ಬಾಗಿಲಲ್ಲಿ ಗುತ್ಯಪ್ಪ, ಕೈಯಲ್ಲಿ ಫಾರ್ಮಲಿನ್ ಕ್ಯಾನು.
ಬರುವ ತಿಂಗಳು ರಿಟೈರು.
ಮ್ಯೂಸಿಯಂ ಜಾಡಿಗಳಿಗೆ ತುಂಬಬೇಕಿತ್ತು. ನಿಂತೇ ಇದ್ದ.

'ನಾನು ಅಲ್ಲಿಗೆ ಹೋಗಿಲ್ಲ' ಅಂದೆ.
'ಈ ಸಲವಾ ಸರ್?'
'ಆ ಸಲ.'

ಅವಳು ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡಳು,
ಮೆಲ್ಲಗೆ, ಒದ್ದೆ ಜಾಗದಿಂದ ಎಳೆದುಕೊಳ್ಳುವ ಹಾಗೆ.
ಬೈಯಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದಳು:
ಆರು ರಾತ್ರಿ, ಆರು ಸಲ ಜೀಪು,
ದುಡ್ಡು ಕೊಟ್ಟವನು ಭದ್ರಾವತಿಯಲ್ಲಿ ಪಂಕ್ಚರ್ ಹಾಕುವ ತಮ್ಮ.
ಆಮೇಲೆ ಕೇಳಿದಳು:
'ಜರ್ನಲ್ಲಿಗೆ ನೀವು ಬರೀತೀರೋ, ನಾನು ಬರೀಲೋ?'

ಸಂಜೆ ಶಂಕರಘಟ್ಟದ ಕೊನೇ ಬಸ್ಸೂ ಹೋದ ಮೇಲೆ
ಸಂಪಾದಕರೇ, ಎಂದು ಶುರುಮಾಡಿ ಮೂರು ಸಲ ಅಳಿಸಿದೆ.
ಬೀಗದ ಗೊಂಚಲು ಹಿಡಿದು ಬಂದ ಗುತ್ಯಪ್ಪ
ಪರದೆಯನ್ನು ನೋಡದೆ ಕಿಟಕಿಯತ್ತ ನೋಡುತ್ತ ಹೇಳಿದ:
'ಅವತ್ತು ಆ ಕಡೆಯಿಂದ ಕೂಗು ಕೇಳ್ತಿತ್ತು ಸರ್.
ಎಷ್ಟು ಅಂತ ಹೇಳಕ್ಕಾಗಲ್ಲ.
ನೀವು ಬರೀತಾ ಇದ್ರಿ.'