ಷರಾ

ಕಂತೆಯಲ್ಲಿ ಅರವತ್ತೆರಡು.
ಹದಡಿ ರಸ್ತೆಯ ಕಾಲೇಜು, ಎಂ.ಎ. ಎರಡನೇ ಸೆಮಿಸ್ಟರು,
ವಿಷಯ: ಅಸಂಘಟಿತ ವಲಯದ ದುಡಿಮೆ.
ಪ್ರತಿ ವಿದ್ಯಾರ್ಥಿಗೂ ಮಾರ್ಚ್ ಮೂವತ್ತೊಂದರೊಳಗೆ
ನೂರು ಪದಕ್ಕೆ ಕಡಿಮೆಯಿಲ್ಲದ ಹಿಮ್ಮಾಹಿತಿ ಕೊಡತಕ್ಕದ್ದು
ಎಂದು ಸುತ್ತೋಲೆ.

ಕೊಟ್ಟೆ.
ಅಂದರೆ, ಯಂತ್ರಕ್ಕೆ ಕೊಟ್ಟೆ, ಅದು ಕೊಟ್ಟಿತು.
ಟೀ ಹೇಳಿಕಳಿಸಿ, ಟೀ ಬರುವುದರೊಳಗೆ
ಅರವತ್ತೆರಡೂ ಷರಾ ಸಿದ್ಧ.
ಒಂದರಲ್ಲೂ ಕಾಗುಣಿತ ತಪ್ಪಿಲ್ಲ,
ಒಂದಕ್ಕೂ ಸಿಟ್ಟಿಲ್ಲ.
ಕೆಳಗೆ ನನ್ನ ಸಹಿ,
ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ
ಬಾಲ ಸವೆದ ಸಹಿ.

ಮಕ್ಕಳೇನೂ ಕಮ್ಮಿಯಿಲ್ಲ.
ಹದಿನೆಂಟು ಪ್ರಬಂಧಗಳಿಗೆ ಒಂದೇ ಬಾಗಿಲು:
‘ಇಂದಿನ ವೇಗದ ಜಗತ್ತಿನಲ್ಲಿ’.
ಆ ಜಗತ್ತು ಯಾವುದೋ,
ನಮ್ಮ ರೈಲ್ವೆ ಗೇಟಿನ ಮುಂದೆ
ಅದು ಕಾದು ನಿಂತದ್ದನ್ನು ನಾನಂತೂ ಕಂಡಿಲ್ಲ.
ಅವರದನ್ನು ಅದು ಬರೆಯಿತು,
ನನ್ನದನ್ನೂ ಅದೇ ಬರೆಯಿತು,
ನಡುವೆ ನಾವು ಯಾರಿಗೂ ತೊಂದರೆ ಕೊಡದೆ
ಸುಮ್ಮನೆ ಕೂತಿದ್ದೆವು.

ಏಪ್ರಿಲಿನಲ್ಲಿ ಮೆಹಜಬೀನ್ ತಿದ್ದಿದ ಪ್ರತಿ ತಂದಳು.
ಮಂಡಕ್ಕಿ ಭಟ್ಟಿ ಲೇಔಟಿನ ಹುಡುಗಿ,
ಬ್ಯಾಗಿನ ಜಿಪ್ಪಿನ ಹಲ್ಲುಗಳಲ್ಲಿ ಮಸಿ.
ಹೊಸದರ ಬೆನ್ನಿಗೆ ಹಳೆಯದನ್ನೂ ಪಿನ್ ಹೊಡೆದಿದ್ದಳು,
ನಿಯಮ ಹಾಗಿದೆ.
ಫ್ಯಾನು ಹಾಳೆ ಮಗುಚಿತು. ಹಳೆಯದರ ನಾಲ್ಕನೇ ಪುಟ.
ಆಗ ನಾನು ಅಲ್ಲಿಯ ತನಕ ಹೋಗಿರಲಿಲ್ಲ.

‘ನಮ್ಮ ಅಬ್ಬಾ ಬಾಣಲಿಯ ಮರಳು ನೋಡುವುದಿಲ್ಲ, ಕೇಳುತ್ತಾರೆ.
ಚಟಪಟ ತೆಳ್ಳಗಾಗುವ ಹೊತ್ತಿಗೆ ಜರಡಿ ಎತ್ತಬೇಕು.
ಮೊದಲೇ ಎತ್ತಿದರೆ ಅಕ್ಕಿ ಅರಳಿರುವುದಿಲ್ಲ,
ಆಮೇಲೆ ಎತ್ತಿದರೆ ಸೀದಿರುತ್ತದೆ.
ಕೂಲಿ ಕೊಡುವುದು ಚೀಲಕ್ಕೆ.
ಈ ಕೇಳುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.’

ಅದರ ಮೇಲೆ ಸ್ಕೇಲಿಟ್ಟು ಎಳೆದ ನೇರ ಗೆರೆಗಳು.
ಪಕ್ಕದಲ್ಲಿ ಷರಾ:
‘ವೈಯಕ್ತಿಕ ಅನುಭವ. ಆಧಾರ ಗ್ರಂಥವಿಲ್ಲ.
ಈ ಭಾಗ ಕೈಬಿಟ್ಟರೆ ಬರಹ ಬಿಗಿಯಾಗುತ್ತದೆ.’
ಅದರ ಕೆಳಗೆ, ಬಾಲ ಸವೆದದ್ದು, ನನ್ನದೇ.

‘ಯಾಕೆ ತೆಗೆದೆ?’
‘ನೀವೇ ತೆಗಿ ಅಂದಿದ್ರಲ್ಲ ಮೇಡಂ.’
ದನಿಯಲ್ಲಿ ದೂರಿರಲಿಲ್ಲ.
‘ಆಗ ಹದಿನಾಲ್ಕು ಬಂದಿತ್ತು.
ಈಗ ಹದಿನಾರು ಆಗುತ್ತೆ ಅಲ್ವಾ?’

ಆಗುತ್ತೆ.

ನನಗೂ ಒಬ್ಬರು ಷರಾ ಬರೆದಿದ್ದರು.
ಮುಚ್ಚಿದ ಕಾಟನ್ ಮಿಲ್ಲಿನ ಬಗ್ಗೆ ಹನ್ನೆರಡು ಪುಟ,
ಅಂಕಿ ಅಂಶ ಎಲ್ಲ ಲೈಬ್ರರಿಯದು.
ಗುರುಶಾಂತಯ್ಯ ಮೇಷ್ಟ್ರು ಅಂಚಿನಲ್ಲಿ ಒಂದೇ ಪದ ಗೀಚಿದ್ದರು,
ಕೆಂಪಗೆ, ಹಾಳೆ ತೂತಾಗುವಂತೆ:
‘ಹೋಗಿದ್ದೆಯಾ?’
ಹೋಗಿರಲಿಲ್ಲ.
ಹಾಸ್ಟೆಲಿನಲ್ಲಿ ಅತ್ತು, ಅವರನ್ನು ಶಪಿಸಿ,
ಮಾರನೆಯ ದಿನ ಬಾಡಿಗೆ ಸೈಕಲ್ಲಿನಲ್ಲಿ ಹೋದೆ.
ಗೇಟಿನ ಕಾವಲುಗಾರ ಬೀಡಿ ಆರುವ ತನಕ
ನಿಂತುಹೋದ ಮಗ್ಗಗಳ ಹೆಸರು ಹೇಳಿದ.
ಮಗ್ಗಗಳಿಗೂ ಹೆಸರಿದ್ದವು.

ನೂರು ಪದ ತುಂಬಿರಲಿಲ್ಲ ಅದು.

‘ಅದನ್ನ ವಾಪಸ್ ಹಾಕು’ ಎಂದೆ.
‘ಆಧಾರ ಏನಂತ ಬರೀಲಿ?’
‘ಅಬ್ಬಾನ ಹೆಸರು. ಭಟ್ಟಿ. ಎಷ್ಟು ಗಂಟೆಗೆ ಕೇಳಿದ್ದು ಅಂತ.’
ನಕ್ಕಳು. ಆಮೇಲೆ, ನಿಜವಾಗಿ ಯೋಚಿಸಿ,
‘ಬೆಳಗಿನ ಜಾವ ನಾಲ್ಕೂವರೆ’ ಅಂದಳು.
‘ಆದ್ರೆ ಮೇಡಂ, ಅಂಕ ಕಟ್ ಆದ್ರೆ?’
ಉತ್ತರ ಹೊಳೆಯಲಿಲ್ಲ.
ನಾಡಿದ್ದು ಬಾ ಎಂದೆ.

ಇನ್ನು ಅರವತ್ತೊಂದು.
ಯಾರು ಯಾರ ಎಷ್ಟನೇ ಪುಟಕ್ಕೆ ಗೆರೆ ಬಿದ್ದಿದೆಯೋ.
ಮೇಲಿನದನ್ನು ಎಳೆದುಕೊಂಡೆ,
‘ಇಂದಿನ ವೇಗದ’, ಇರಲಿ, ಮುಂದೆ,
ಮುಂದಿನ ಪುಟ, ಅದರ ಮುಂದಿನದು,
ಎಲ್ಲಾದರೂ ಚಟ್ ಎಂದೀತೇ ಎಂದು
ಕಿವಿ ಕೊಟ್ಟು.

ಡ್ರಾಯರಿನ ಕೆಂಪು ಪೆನ್ನು ಒಣಗಿತ್ತು.
ಸುತ್ತೋಲೆಯ ಹಿಂಬದಿಯಲ್ಲಿ
ಸುತ್ತು, ಸುತ್ತು, ಸುತ್ತು ಗೀಚಿದೆ.
ಏಳನೆಯದಕ್ಕೆ
ಒಂದಿಷ್ಟು ಬಣ್ಣ.